ಜೋಮು ಹಿಡಿದ ಕಾಲು, ನಾಲೆಯ ಕೊನೇ ಭಾಗ

ನಮ್ಮ ಕೆ.ಆರ್.ಪೇಟೆ ಕಡೆ ಅರ್ಧಕ್ಕರ್ಧ ಕಾಯಿಲೆಗಳಿಗೆ ಒಂದೇ ಹೆಸರು: 'ವಯಸ್ಸಾಯ್ತಲ್ಲ'. ಕಿವಿ ಸರಿಯಾಗಿ ಕೇಳಲ್ವಾ? ವಯಸ್ಸಾಯ್ತಲ್ಲ. ಸಾರಿನ ಒಗ್ಗರಣೆ ಸೀದು ಹೋದರೂ ವಾಸನೆ ಬರಲಿಲ್ವಾ? ವಯಸ್ಸಾಯ್ತಲ್ಲ. ಕಾಲು ಜೋಮು ಹಿಡಿದು, ಚಪ್ಪಲಿ ಕಳಚಿ ಬಿದ್ದದ್ದೂ ತಿಳಿಯದೆ ನಾಲ್ಕು ಹೆಜ್ಜೆ ಮುಂದೆ ಹೋದರಾ? ಅದಕ್ಕೂ ಅದೇ. ಹೀಗೆ ಹೇಳುವವರು ಮಕ್ಕಳು, ಸೊಸೆಯಂದಿರು, ಕೆಲವು ಸಲ ಡಾಕ್ಟರು. ಬಹಳ ಸಲ ಆ ವಯಸ್ಸಾದವರೇ.

ಈ ಉತ್ತರದ ಮೇಲೆ ನನಗೆ ಬಹಳ ದಿನದಿಂದ ಸಿಟ್ಟಿದೆ. ಅದು ಪೂರ್ತಿ ಸುಳ್ಳು ಅಂತಲ್ಲ. ಅರ್ಧ ನಿಜ ಇರುವುದರಿಂದಲೇ ಸಿಟ್ಟು. ವಯಸ್ಸಾದಂತೆ ಸ್ಪರ್ಶ ಕುಂದುತ್ತದೆ, ಅದರಲ್ಲೂ ಕಾಲಿನದು ಮೊದಲು ಕುಂದುತ್ತದೆ, ಅದು ವಿಜ್ಞಾನಕ್ಕೆ ಚೆನ್ನಾಗಿ ಗೊತ್ತಿರುವ ವಿಷಯ. ಆದರೆ 'ವಯಸ್ಸು' ಅಂದ ತಕ್ಷಣ ನಾವು ಮಾತು ಮುಗಿಸಿಬಿಡುತ್ತೇವಲ್ಲ, ಅಲ್ಲಿಂದ ಮುಂದೆ ಏನಾಗುತ್ತೆ ಅಂತ ನೋಡುವವರೇ ಇಲ್ಲ. ಇನ್ನೊಂದು ಕಡೆ ಮೆಡಿಕಲ್ ಸ್ಟೋರಿನವರ ಉತ್ತರ ಇದೆ. 'ನರದ ವೀಕ್‌ನೆಸ್ಸು, ಇದು ತಗೊಳ್ಳಿ, ಆಂಟಿ ಆಕ್ಸಿಡೆಂಟ್ ಇದೆ' ಅಂತ ಒಂದು ಕೆಂಪು ಮಾತ್ರೆ ಸ್ಟ್ರಿಪ್ಪು. ಒಬ್ಬರು ಏನೂ ಮಾಡಕ್ಕಾಗಲ್ಲ ಅಂತಾರೆ, ಇನ್ನೊಬ್ಬರು ಮಾತ್ರೆ ನುಂಗಿದರೆ ಆಯ್ತು ಅಂತಾರೆ. ಇಬ್ಬರೂ ಆ ಮನುಷ್ಯನ ಪಾದವನ್ನು ಮಾತ್ರ ಮುಟ್ಟಿ ನೋಡಲ್ಲ.

ಸ್ವಲ್ಪ ವಿಷಯಕ್ಕೆ ಬರ್ತೀನಿ. ತಾಳ್ಮೆ ಇರಲಿ.

ನಮ್ಮ ಹೆಬ್ಬೆರಳಿನ ತುದಿಯಿಂದ ಸುದ್ದಿ ಹೊತ್ತು ತರುವ ನರಕೋಶದ ಒಡಲು ಇರೋದು ಕಾಲಲ್ಲಿ ಅಲ್ಲ, ಸೊಂಟದ ಹತ್ತಿರ, ಬೆನ್ನುಹುರಿಯ ಪಕ್ಕ. ಆ ಒಡಲು ಹೆಚ್ಚು ಕಮ್ಮಿ ಒಂದು ತಲೆಗೂದಲಿನ ದಪ್ಪ. ಆದರೆ ಅದರ ಎಳೆ ಅಲ್ಲಿಂದ ಅಂಗಾಲಿನ ತನಕ, ಹತ್ತಿರ ಹತ್ತಿರ ಒಂದು ಮೀಟರು. ಇಷ್ಟುದ್ದದ ಎಳೆಗೆ ಬೇಕಾದ ಸಾಮಾನಿನಲ್ಲಿ ಬಹುಪಾಲು ತಯಾರಾಗೋದು ಸೊಂಟದ ಹತ್ತಿರದ ಆ ಚುಕ್ಕೆಯಲ್ಲೇ. ಅಲ್ಲಿಂದ ಎಳೆಯೊಳಗೇ ಸಾಗಿಸಬೇಕು. ಅತಿ ವೇಗವಾಗಿ ಹೋಗುವ ಸರಕು ಕೂಡ ದಿನಕ್ಕೆ ನಲವತ್ತು ಸೆಂಟಿಮೀಟರಿಗಿಂತ ಹೆಚ್ಚು ಸಾಗಲ್ಲ. ಅಂದರೆ ಸೊಂಟದಿಂದ ಹೊರಟದ್ದು ಪಾದಕ್ಕೆ ಮುಟ್ಟೋಕೆ ಎರಡು ಮೂರು ದಿನ. ನಿಧಾನದ ಸರಕಿಗೆ ತಿಂಗಳುಗಳೇ ಬೇಕು.

ಇದನ್ನು ಓದಿದಾಗ ನನಗೆ ತಟ್ಟನೆ ನೆನಪಾದದ್ದು ನಾಲೆ. ಹೇಮಾವತಿ ನಾಲೆಯನ್ನೋ ವಿಶ್ವೇಶ್ವರಯ್ಯ ನಾಲೆಯನ್ನೋ ನಂಬಿ ಬೇಸಾಯ ಮಾಡಿದವರಿಗೆ 'ಕೊನೇ ಭಾಗ' ಅಂದರೆ ಏನು ಅಂತ ವಿವರಿಸಬೇಕಾಗಿಲ್ಲ. ತೂಬಿನ ಹತ್ತಿರದ ಗದ್ದೆ ಯಾವಾಗಲೂ ತುಂಬಿರುತ್ತೆ. ಹೂಳು ತುಂಬಿದರೂ, ಏರಿ ಬಿರುಕು ಬಿಟ್ಟರೂ, ನೀರು ಕಮ್ಮಿ ಬಿಟ್ಟರೂ ಮೊದಲು ಒಣಗೋದು ಕೊನೇ ಭಾಗದವನ ಪೈರು. ಮೇಲಿನವರಿಗೆ ಏನೂ ಆಗಿಲ್ಲ ಅನ್ನಿಸ್ತಾ ಇರುತ್ತೆ. ನರದ ಕಥೆಯೂ ಅಷ್ಟೇ. ಉದ್ದದ ಎಳೆಗಳು ಮೊದಲು ಸೊರಗುತ್ತವೆ, ಆ ಎಳೆಗಳಲ್ಲೂ ತುದಿ ಮೊದಲು. ಅದಕ್ಕೇ ಜೋಮು ಕಾಲ್ಬೆರಳಿನಿಂದ ಶುರುವಾಗಿ ಹಿಮ್ಮಡಿಗೆ, ಅಲ್ಲಿಂದ ಮೊಣಕಾಲ ಕಡೆಗೆ ಹತ್ತೋದು. ಮೊಣಕಾಲ ಹತ್ತಿರ ಬರುವ ಹೊತ್ತಿಗೆ ಕೈಬೆರಳಿನ ತುದಿಯಲ್ಲೂ ಶುರುವಾಗಿರುತ್ತೆ, ಯಾಕಂದ್ರೆ ಆ ಎಳೆಗಳು ಉದ್ದದಲ್ಲಿ ಎರಡನೆಯವು. ಎರಡೂ ಕಾಲಲ್ಲಿ ಒಟ್ಟಿಗೆ, ಕಾಲುಚೀಲ ಹಾಕಿಕೊಂಡ ಹಾಗೆ.

ಈಗ 'ಆಕ್ಸಿಡೇಟಿವ್ ಸ್ಟ್ರೆಸ್' ಅನ್ನೋ ಪದ. ಪಠ್ಯಪುಸ್ತಕದವರು ಉತ್ಕರ್ಷಣ ಒತ್ತಡ ಅಂತಾರೆ. ಜೀವಕೋಶದಲ್ಲಿ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಗಳು ಆಮ್ಲಜನಕ ಉರಿಸುವಾಗ ಸ್ವಲ್ಪ ಕಿಡಿ ಹಾರುತ್ತೆ ಅಂದುಕೊಳ್ಳಿ. ಆ ಕಿಡಿಗಳೇ ಫ್ರೀ ರ‍್ಯಾಡಿಕಲ್‌ಗಳು ಮತ್ತು ಅವುಗಳ ಬಂಧುಬಳಗ. ಅವು ಕೊಬ್ಬನ್ನು, ಪ್ರೋಟೀನನ್ನು, ಡಿಎನ್ಎಯನ್ನು ಸುಡುತ್ತವೆ. ದೇಹದಲ್ಲಿ ಅದನ್ನು ಆರಿಸುವ ವ್ಯವಸ್ಥೆಯೂ ಇದೆ. ಕಿಡಿ ಹೆಚ್ಚಾಗಿ ಆರಿಸುವುದು ಕಮ್ಮಿಯಾದರೆ ಅದೇ ಒತ್ತಡ. ಇದೇ ಮುಪ್ಪಿಗೆ ಕಾರಣ ಅಂತ ಡೆನ್ಹಮ್ ಹಾರ್ಮನ್ ಅನ್ನುವ ಅಮೆರಿಕದ ವಿಜ್ಞಾನಿ ೧೯೫೬ರಲ್ಲಿ ವಾದ ಮಂಡಿಸಿದ. ೧೯೭೨ರಲ್ಲಿ ಅದಕ್ಕೆ ಮೈಟೋಕಾಂಡ್ರಿಯವನ್ನೂ ಸೇರಿಸಿದ.

ನಾಲೆಯ ಕೊನೇ ಭಾಗಕ್ಕೂ ಇದಕ್ಕೂ ಏನು ಸಂಬಂಧ ಅಂದ್ರೆ, ಎಳೆಯ ತುದಿಯಲ್ಲಿರುವ ಮೈಟೋಕಾಂಡ್ರಿಯ ಬಹಳ ಹಳೆಯ ಸರಕು. ಸೊಂಟದಿಂದ ನಿಂತು ನಿಂತು ಸಾಗಿ ಬರುವಷ್ಟರಲ್ಲಿ ಅದಕ್ಕೆ ವಯಸ್ಸಾಗಿರುತ್ತೆ, ಏಟು ಬಿದ್ದಿರುತ್ತೆ. ೨೦೧೧ರಲ್ಲಿ ಎಚ್.ಐ.ವಿ. ಇದ್ದು ತೀರಿಹೋದವರ ನರಗಳನ್ನು ಪರೀಕ್ಷಿಸಿದ ಸಂಶೋಧಕರು ಒಂದೇ ನರದ ಮೇಲ್ತುದಿ ಕೆಳತುದಿ ಹೋಲಿಸಿ ನೋಡಿದರು. ಮೈಟೋಕಾಂಡ್ರಿಯದ ಡಿಎನ್ಎ ಕೆಟ್ಟಿರುವುದು ಪಾದದ ಕಡೆಯ ತುದಿಯಲ್ಲೇ ಹೆಚ್ಚು. ಅದೇ ಗುಂಪಿನ ವೈರಸ್ಸು ತಗುಲಿಸಿದ ಮಂಗಗಳಲ್ಲೂ ತುದಿಯ ಮೈಟೋಕಾಂಡ್ರಿಯಗಳು ಸೊರಗಿದ್ದವು. ಒಂದೇ ಎಳೆ, ಒಂದೇ ವಯಸ್ಸು, ಆದರೆ ಮೇಲಿನ ಭಾಗ ಹರೆಯದಲ್ಲಿ, ಕೆಳಗಿನ ಭಾಗ ಮುಪ್ಪಿನಲ್ಲಿ. ನನ್ನ ಮಟ್ಟಿಗೆ ಇದು ಓದಿ ಸುಮ್ಮನೆ ಕೂರುವಂಥ ವಿಷಯವಲ್ಲ. 'ನಿಮಗೆ ವಯಸ್ಸೆಷ್ಟು' ಅಂತ ಕೇಳಿದರೆ 'ಯಾವ ಭಾಗಕ್ಕೆ ಸ್ವಾಮಿ' ಅಂತ ಕೇಳಬೇಕಾಗುತ್ತೆ :)

ಇಲ್ಲಿ ಮಂಗ ಯಾಕೆ ಬಂತು ಅಂತ ಕೇಳಬಹುದು. ನರದ ಮೇಲಿನ ಸಂಶೋಧನೆಯಲ್ಲಿ ಬಹುಪಾಲು ನಡೆಯೋದು ಇಲಿಗಳ ಮೇಲೆ. ನಮ್ಮ ಪಕ್ಕದ ಮೈಸೂರಿನ ಸಿ.ಎಫ್.ಟಿ.ಆರ್.ಐ.ನಲ್ಲೇ ಅಕ್ರಿಲಮೈಡ್ ಕೊಟ್ಟು ನರ ಕೆಡಿಸಿದ ಇಲಿಗಳಿಗೆ ಲವಂಗದಲ್ಲಿರುವ ಯೂಜೆನಾಲ್ ಕೊಟ್ಟು, ನರದಲ್ಲಿನ ಉತ್ಕರ್ಷಣ ಒತ್ತಡ ಕಮ್ಮಿಯಾದದ್ದನ್ನು ೨೦೧೩ರ ಸುಮಾರಿಗೆ ಪ್ರಕಟಿಸಿದ್ದಾರೆ. ಒಳ್ಳೆಯ ಕೆಲಸ. ಆದರೆ ಇಲಿಯ ಕಾಲಿನ ನರ ಎಷ್ಟುದ್ದ? ಒಂದು ಗೇಣಿಗಿಂತ ಕಮ್ಮಿ. ಅದಕ್ಕೆ ಕೊನೇ ಭಾಗದ ತೊಂದರೆ ಅಷ್ಟಾಗಿ ಇಲ್ಲ. ಇಲಿ ಬದುಕೋದೂ ಎರಡು ಮೂರು ವರ್ಷ. ಮಂಗ ಹಾಗಲ್ಲ. ರೀಸಸ್ ಜಾತಿಯ ಮಂಗಕ್ಕೆ ಇಪ್ಪತ್ತೈದು ಅಂದರೆ ನಮ್ಮ ಎಪ್ಪತ್ತೈದರ ಲೆಕ್ಕ. ಅದರ ಅಂಗೈಯಲ್ಲಿ ನಮ್ಮ ಹಾಗೇ ಗೆರೆಗಳಿವೆ, ಗೆರೆಗಳ ಒಳಗೆ ನಮ್ಮ ಹಾಗೇ ಮೈಸ್ನರ್ ಕಣಗಳು ಅನ್ನುವ ಸೂಕ್ಷ್ಮ ಸ್ಪರ್ಶದ ಗುಂಡುಗಳಿವೆ. ಇಷ್ಟಪಟ್ಟದ್ದು ತಿನ್ನಲು ಬಿಟ್ಟರೆ ನಡುವಯಸ್ಸಿನಲ್ಲಿ ಹೊಟ್ಟೆ ಬರುತ್ತೆ, ತಾನಾಗೇ ಸಕ್ಕರೆ ಕಾಯಿಲೆಯೂ ಬರುತ್ತೆ.

೨೦೦೭ರಲ್ಲಿ ಅಂಥ ಮಂಗಗಳ ಅಂಗೈ ಚರ್ಮವನ್ನು ಅಮೆರಿಕದ ಒಂದು ತಂಡ ಬಹಳ ವಿವರವಾಗಿ ನೋಡಿತು. ಎಳೆಯವು, ಮುದಿಯವು, ಸಕ್ಕರೆ ಕಾಯಿಲೆ ಇದ್ದವು. ಎಲ್ಲ ನರತುದಿಗಳೂ ಒಂದೇ ಸಮ ಸಾಯುತ್ತವೆ ಅಂತ ನಾವು ನೀವು ಅಂದುಕೊಳ್ತೀವಿ. ಅವರಿಗೆ ಸಿಕ್ಕದ್ದು ಬೇರೆ. ಕೆಲವು ಬಗೆಯ ತುದಿಗಳು ಕುಗ್ಗಿದ್ದವು, ಇನ್ನು ಕೆಲವು ಅತಿಯಾಗಿ ಹಿಗ್ಗಿದ್ದವು. ಅಂದರೆ ಚರ್ಮದ ಕೆಳಗೆ ನಡೆಯೋದು ಬರೀ ನಷ್ಟ ಅಲ್ಲ, ಅಸ್ತವ್ಯಸ್ತ. ಒಂದೇ ಕಾಲು ಮರಗಟ್ಟಿದೆ ಅಂತಲೂ ಅನ್ನಿಸುತ್ತೆ, ರಾತ್ರಿ ಹೊದಿಕೆ ತಾಗಿದರೂ ಉರಿಯುತ್ತೆ ಅಂತಲೂ ಅನ್ನಿಸುತ್ತಲ್ಲ, 'ಮುಟ್ಟಿದ್ರೆ ಗೊತ್ತಾಗಲ್ಲ, ಮುಟ್ಟದಿದ್ರೆ ಉರೀತದೆ' ಅಂತ ನಮ್ಮ ಹೆಂಗಸರು ಹೇಳ್ತಾರಲ್ಲ, ಆ ಮಾತಿಗೆ ಮನೆಯವರು ನಗ್ತಾರಲ್ಲ, ಅದರಲ್ಲಿ ನಗೋಕೆ ಏನೂ ಇಲ್ಲ ಅಂತ ನನಗೆ ಅರ್ಥವಾದದ್ದು ಇದನ್ನು ಓದಿದ ಮೇಲೆ.

ಮಂಗದ ಮಾತು ಬಂದಾಗ ಮೇಲುಕೋಟೆ ಬಿಡೋಕಾಗಲ್ಲ. ಯೋಗಾನರಸಿಂಹಸ್ವಾಮಿ ಬೆಟ್ಟದ ಮೆಟ್ಟಿಲ ಮೇಲೆ ಕೈಯಲ್ಲಿರೋ ಚೀಲ ಕಿತ್ತುಕೊಳ್ಳುವ ನಮ್ಮ ಕೋತಿಗಳು ರೀಸಸ್ ಅಲ್ಲ, ದಕ್ಷಿಣದ ಬಾನೆಟ್ ಮಕಾಕ್. ರಸ್ತೆ ಬದಿಯ ಸಾಲುಮರಗಳಲ್ಲಿ ಇವುಗಳ ಸಂಖ್ಯೆ ಹೇಗೆ ಕುಸಿದುಹೋಗಿದೆ ಅಂತ ಮೈಸೂರು ವಿಶ್ವವಿದ್ಯಾಲಯದವರು ದಶಕಗಟ್ಟಲೆ ಎಣಿಸಿ ಬರೆದಿದ್ದಾರೆ. ಬೆಟ್ಟದ ಮೇಲೆ ಇವಕ್ಕೆ ಭಕ್ತರು ಕೊಡೋದು ಏನು? ಸಕ್ಕರೆ ಪೊಂಗಲ್ಲು, ಬಿಸ್ಕತ್ತು, ಬಾಟಲಿಯ ತಂಪು ಪಾನೀಯ. ಪುಣ್ಯದ ಕೆಲಸ ಅಂತ ಬೇರೆ ಅಂದುಕೊಳ್ತಾರೆ.

ಯಾಕೆ ಹೇಳಿದೆ ಅಂದ್ರೆ, ಮಂಗ, ಮುಪ್ಪು, ಸಕ್ಕರೆ ಈ ಮೂರರ ಬಗ್ಗೆ ಒಂದು ದೊಡ್ಡ ಜಗಳವೇ ನಡೆದಿದೆ. ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ೧೯೮೯ರಿಂದ ಕೆಲವು ರೀಸಸ್ ಮಂಗಗಳಿಗೆ ಊಟ ಸುಮಾರು ಮೂರರಲ್ಲೊಂದು ಪಾಲು ಕಮ್ಮಿ ಮಾಡಿ ಸಾಕಿದರು. ೨೦೦೯ರಲ್ಲಿ ಬಂದ ಫಲಿತಾಂಶ: ಕಮ್ಮಿ ತಿಂದವು ಹೆಚ್ಚು ಆರೋಗ್ಯವಾಗಿದ್ದವು, ಅವುಗಳಲ್ಲಿ ಒಂದಕ್ಕೂ ಸಕ್ಕರೆ ಕಾಯಿಲೆ ಬಂದಿರಲಿಲ್ಲ. ಪ್ರಪಂಚವೆಲ್ಲ ಉಪವಾಸದ ಜಪ ಮಾಡಿತು. ೨೦೧೨ರಲ್ಲಿ ಅಮೆರಿಕದ ಸರಕಾರಿ ಸಂಸ್ಥೆಯೊಂದು ಇನ್ನೊಂದು ಮಂಗಗಳ ಗುಂಪಿನ ಮೇಲೆ ಅದೇ ಪ್ರಯೋಗ ಮಾಡಿ, ಆಯುಸ್ಸೇನೂ ಹೆಚ್ಚಲಿಲ್ಲ ಅಂತು. ಹಾಗಾದರೆ ಎಲ್ಲಿ ವ್ಯತ್ಯಾಸ? ಹುಡುಕಿದಾಗ ಸಿಕ್ಕ ಉತ್ತರಗಳಲ್ಲಿ ಒಂದು: ವಿಸ್ಕಾನ್ಸಿನ್ನಿನ ಮಂಗಗಳ ಆಹಾರದಲ್ಲಿ ನೂರಕ್ಕೆ ಸುಮಾರು ೨೮ ಪಾಲು ಸಕ್ಕರೆ ಇತ್ತು, ಇನ್ನೊಂದು ಕಡೆ ೪ ಪಾಲು. ಅಂದರೆ ಒಂದು ಕಡೆ ಉಪವಾಸದ ಲಾಭ ಅಂತ ಕಂಡದ್ದರಲ್ಲಿ ಸ್ವಲ್ಪ, ಸಕ್ಕರೆ ಕಮ್ಮಿ ತಿಂದದ್ದರ ಲಾಭ. ೨೦೧೭ರಲ್ಲಿ ಎರಡೂ ತಂಡದವರು ಒಟ್ಟಿಗೆ ಕೂತು ಲೆಕ್ಕ ಸರಿಮಾಡಿಕೊಂಡರು. ಸಕ್ಕರೆ ಜಿಲ್ಲೆಯವನಾದ ನಾನು ಇದನ್ನು ಬೇರೆಯವರಿಗಿಂತ ಸ್ವಲ್ಪ ಹೆಚ್ಚು ಗಮನವಿಟ್ಟು ಓದಿದೆ.

ನರಕ್ಕೂ ಸಕ್ಕರೆಗೂ ಏನು ಅಂದ್ರೆ, ನರಕೋಶದೊಳಗೆ ಸಕ್ಕರೆ ಹೋಗೋಕೆ ಇನ್ಸುಲಿನ್ನಿನ ಅಪ್ಪಣೆ ಬೇಕಾಗಿಲ್ಲ. ರಕ್ತದಲ್ಲಿ ಎಷ್ಟು ಏರಿದೆಯೋ ಅಷ್ಟೂ ಒಳಗೆ ನುಗ್ಗುತ್ತೆ. ಆ ಹೆಚ್ಚುವರಿ ಸಕ್ಕರೆಯನ್ನು ಬೇರೆ ದಾರಿಯಲ್ಲಿ ಸಾಗಹಾಕುವಾಗ, ಕಿಡಿ ಆರಿಸೋಕೆ ಇಟ್ಟುಕೊಂಡಿದ್ದ ಸರಕು ಖರ್ಚಾಗಿಬಿಡುತ್ತೆ. ಬೆನ್ನುಹುರಿಯ ಪಕ್ಕದ ಆ ನರಕೋಶಗಳಿಗೆ ಮಿದುಳಿಗಿರುವಷ್ಟು ಭದ್ರವಾದ ಗೋಡೆಯೂ ಇಲ್ಲ. ವಯಸ್ಸು ಒಬ್ಬ ಕಳ್ಳ, ಸಕ್ಕರೆ ಇನ್ನೊಬ್ಬ, ಇಬ್ಬರೂ ಒಂದೇ ಕಿಟಕಿಯಿಂದ ಬರ್ತಾರೆ. ಆದರೆ ಮೊದಲನೆಯವನನ್ನು ಹಿಡಿಯೋಕಾಗಲ್ಲ, ಎರಡನೆಯವನನ್ನು ಹಿಡಿಯಬಹುದು. ಕಾಲು ಜೋಮು ಅಂದಾಗಲೆಲ್ಲ ಮೊದಲನೆಯವನ ಹೆಸರೇ ಹೇಳ್ತಾ ಕೂತರೆ ಎರಡನೆಯವನಿಗೆ ಹಬ್ಬ. ಐ.ಸಿ.ಎಂ.ಆರ್. ೨೦೨೩ರಲ್ಲಿ ಪ್ರಕಟಿಸಿದ ಸಮೀಕ್ಷೆ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಹತ್ತು ಕೋಟಿ ದಾಟಿದ್ದಾರೆ.

ನನ್ನ ದೊಡ್ಡಪ್ಪನ ವಿಷಯ ಹೇಳಬೇಕು. ಹೆಸರು ಬೇಡ. ಜೀವಮಾನವೆಲ್ಲ ಆಲೆಮನೆ ನಡೆಸಿದವರು. ಬೆಲ್ಲದ ಹದವನ್ನು ಕೊಪ್ಪರಿಗೆಯಿಂದ ಚೂರು ತೆಗೆದು ನೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಮಾಡಿ ಹೇಳುತ್ತಿದ್ದರು. ಅರವತ್ತು ದಾಟಿದ ಮೇಲೆ ಆ ಕೆಲಸವನ್ನು ಮಗನಿಗೆ ಬಿಟ್ಟರು, 'ಬೆಳ್ಳಿಗೆ ತಿಳೀತಿಲ್ಲ ಕಣ್ಲಾ ಮಗಾ' ಅಂದರಂತೆ. ಯಾರೂ ಅದನ್ನು ರೋಗದ ಲಕ್ಷಣ ಅಂತ ಎಣಿಸಲಿಲ್ಲ. ಆಮೇಲೆ 'ಹತ್ತಿ ಮ್ಯಾಲೆ ನಡೆದಂಗಾಯ್ತದೆ' ಅನ್ನೋಕೆ ಶುರು ಮಾಡಿದರು. ಅಂಗಡಿಯಿಂದ ನರದ ಮಾತ್ರೆ ಬಂತು, ಎರಡು ವರ್ಷ ನುಂಗಿದರು. ಒಂದು ಸಂಜೆ ಒಲೆಯ ಬಾಯಿ ಹತ್ತಿರ ಬರಿಗಾಲಲ್ಲಿ ನಿಂತು ಯಾರ ಜೊತೆಗೋ ಕಬ್ಬಿನ ದರ ಮಾತಾಡ್ತಾ ಇದ್ದಾಗ ಪಕ್ಕದ ಆಳು ಏನೋ ಸುಟ್ಟ ವಾಸನೆ ಅಂದ. ಕೆಂಡ ಇವರ ಅಂಗಾಲಿನ ಅಡಿಯಲ್ಲಿತ್ತು. ಅವರಿಗೆ ನೋವಾಗಲಿಲ್ಲ, ಅದನ್ನು ಅವರು ಮೊದಮೊದಲು ಹೆಮ್ಮೆಯಿಂದಲೇ ಹೇಳಿಕೊಂಡರು. ಆಸ್ಪತ್ರೆಗೆ ಹೋದ ದಿನವೇ ಸಕ್ಕರೆ ಇದೆ ಅಂತ ಗೊತ್ತಾಗಿದ್ದು. ಗಾಯ ಮಾಯೋಕೆ ಏಳು ತಿಂಗಳು. ಎರಡು ಬೆರಳು ಹೋದವು.

ಎರಡು ವರ್ಷ ನುಂಗಿದರಲ್ಲ, ಆ ಮಾತ್ರೆಯ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಹಾಗಂತ ಡಾಕ್ಟರು ಬರೆದುಕೊಟ್ಟದ್ದನ್ನು ನನ್ನ ಬರಹ ಓದಿ ಯಾರೂ ನಿಲ್ಲಿಸಬೇಡಿ. ನನ್ನ ತಕರಾರು ಕೇಳದೆ ಕೊಡುವ, ಪರೀಕ್ಷೆ ಇಲ್ಲದೆ ನುಂಗುವ ಮಾತ್ರೆಯ ಮೇಲೆ. ಈ ಸ್ಟ್ರಿಪ್ಪುಗಳಲ್ಲಿ ಸಾಮಾನ್ಯವಾಗಿ ಇರೋದು ಮೀಥೈಲ್ ಕೊಬಾಲಮಿನ್, ಆಲ್ಫಾ ಲಿಪೋಯಿಕ್ ಆಸಿಡ್, ಬಿ೬, ಇನ್ನೊಂದಿಷ್ಟು. ಲಿಪೋಯಿಕ್ ಆಸಿಡ್ ಉರಿಯನ್ನು ಸ್ವಲ್ಪ ಕಮ್ಮಿ ಮಾಡುತ್ತೆ ಅಂತ ೨೦೦೬ರಲ್ಲಿ ಐದು ವಾರದ ಒಂದು ಪ್ರಯೋಗ ತೋರಿಸಿತು. ಅದನ್ನೇ ನಾಲ್ಕು ವರ್ಷ ಕೊಟ್ಟು ನೋಡಿದ ದೊಡ್ಡ ಪ್ರಯೋಗ ೨೦೧೧ರಲ್ಲಿ ಬಂತು. ಮುಖ್ಯ ಅಳತೆಗೋಲಿನಲ್ಲಿ ಮಾತ್ರೆಯವರಿಗೂ ಸುಳ್ಳು ಮಾತ್ರೆಯವರಿಗೂ ಎದ್ದುಕಾಣುವ ವ್ಯತ್ಯಾಸ ಸಿಗಲಿಲ್ಲ. ಇನ್ನು ಬಿ೬. ಅದನ್ನು ಅತಿಯಾಗಿ ತಗೊಂಡರೆ ಅದೇ ಸ್ಪರ್ಶದ ನರ ಕೆಡಿಸುತ್ತೆ, ಇದು ೧೯೮೩ರಿಂದ ಗೊತ್ತಿರುವ ವಿಷಯ. ಜೋಮಿಗೆ ತಗೊಂಡ ಮಾತ್ರೆಯಿಂದಲೇ ಜೋಮು!

ಬಿ೧೨ ಮಾತ್ರ ಬೇರೆ ಲೆಕ್ಕ. ಅದು ನಿಜವಾಗಿ ಕಮ್ಮಿಯಾಗಿದ್ದರೆ ಕೊಡಲೇಬೇಕು, ಕೊಟ್ಟರೆ ಗುಣ ಕಾಣುತ್ತೆ. ಮುದ್ದೆ, ಸೊಪ್ಪುಸಾರು, ಕಾಳು ಎಷ್ಟೇ ಒಳ್ಳೆಯ ಊಟ ಆದರೂ ಅದರಲ್ಲಿ ಬಿ೧೨ ಇಲ್ಲ. ಹಾಲು ಮೊಸರು ಕಮ್ಮಿಯಾದ ಸಸ್ಯಾಹಾರಿ ಮುದುಕರಿಗೆ ಕೊರತೆ ಆಗೋದು ಸುಲಭ. ಅದರ ಮೇಲೆ ಸಕ್ಕರೆ ಕಾಯಿಲೆಗೆ ಎಲ್ಲರೂ ತಗೊಳ್ಳುವ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ನುಂಗಿದರೆ ಬಿ೧೨ ಇನ್ನೂ ಇಳಿಯುತ್ತೆ. ಒಂದು ರಕ್ತಪರೀಕ್ಷೆ ಮಾಡಿಸಿದರೆ ಗೊತ್ತಾಗುವ ವಿಷಯ ಇದು. ಕುಡಿತದಿಂದಲೂ ನರ ಕೆಡುತ್ತೆ. ಒಂದೇ ಕಡೆ ಮಚ್ಚೆಯಾಗಿ ಅಲ್ಲಿ ಸ್ಪರ್ಶ ಹೋಗಿದ್ದರೆ ಕುಷ್ಠವೂ ಇರಬಹುದು, ಅದಕ್ಕೆ ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಔಷಧಿ ಇದೆ, ಪೂರ್ತಿ ವಾಸಿಯಾಗುತ್ತೆ. ಇಷ್ಟೆಲ್ಲ ಬೇರೆ ಬೇರೆ ಕಾರಣಗಳನ್ನು ಒಂದೇ 'ವಯಸ್ಸಾಯ್ತಲ್ಲ' ಚೀಲಕ್ಕೆ ತುಂಬ್ತೀವಲ್ಲ, ಅದೇ ನನ್ನ ಸಿಟ್ಟು.

'ಆಕ್ಸಿಡೇಶನ್ ಅಂದ್ರೆ ತುಕ್ಕು, ಆಂಟಿ ಆಕ್ಸಿಡೆಂಟ್ ಅಂದ್ರೆ ತುಕ್ಕು ತೆಗೆಯುವ ಎಣ್ಣೆ' ಅಂತ ಒಂದು ಹೋಲಿಕೆ ಎಲ್ಲ ಕಡೆ ಓಡಾಡುತ್ತೆ. ಕೇಳೋಕೆ ಚೆಂದ. ಆದರೆ ಗೇಟಿಗೆ ತುಕ್ಕು ಹಿಡಿಯೋದರಿಂದ ಗೇಟಿಗೆ ಏನೂ ಉಪಯೋಗ ಇಲ್ಲ. ದೇಹದಲ್ಲಿ ಆ ಕಿಡಿಗಳಿಗೆ ಕೆಲಸ ಇದೆ. ಸ್ವಲ್ಪ ಕಿಡಿ ಹಾರಿದರೇ ಕೋಶ ಎಚ್ಚೆತ್ತು ತನ್ನ ರಕ್ಷಣೆ ಬಲ ಮಾಡಿಕೊಳ್ಳೋದು. ೨೦೦೯ರಲ್ಲಿ ಜರ್ಮನಿಯಲ್ಲಿ ಹುಡುಗರಿಗೆ ವ್ಯಾಯಾಮ ಮಾಡಿಸಿ, ಅರ್ಧ ಜನಕ್ಕೆ ವಿಟಮಿನ್ ಸಿ, ಇ ಮಾತ್ರೆ ಕೊಟ್ಟರು. ಮಾತ್ರೆ ತಗೊಳ್ಳದವರಿಗೆ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡತೊಡಗಿತು, ಮಾತ್ರೆ ತಗೊಂಡವರಿಗೆ ವ್ಯಾಯಾಮದ ಆ ಲಾಭವೇ ದಕ್ಕಲಿಲ್ಲ. ಅದಕ್ಕೂ ಮುಂಚೆ, ೧೯೯೪ರಲ್ಲಿ, ಫಿನ್ಲೆಂಡಿನಲ್ಲಿ ಬೀಡಿ ಸಿಗರೇಟು ಸೇದುವವರಿಗೆ ಬೀಟಾ ಕೆರೋಟಿನ್ ಕೊಟ್ಟು ನೋಡಿದರೆ ಶ್ವಾಸಕೋಶದ ಕ್ಯಾನ್ಸರ್ ಕಮ್ಮಿಯಾಗುವ ಬದಲು ಹೆಚ್ಚಾಗಿತ್ತು. ಹಾಗಂತ ಸೊಪ್ಪು, ನೆಲ್ಲಿಕಾಯಿ, ಸೀಬೆಹಣ್ಣು ತಿನ್ನಬೇಡಿ ಅಂತ ಯಾರೂ ಹೇಳ್ತಿಲ್ಲ. ಊಟ ಬೇರೆ, ಡಬ್ಬಿ ಬೇರೆ.

ಇನ್ನೊಂದು ವಿಷಯ ಸ್ವಲ್ಪ ಅಡ್ಡದಾರಿ ಆದರೂ ಬರೆಯದೆ ಇರೋಕಾಗ್ತಿಲ್ಲ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ೧೯೯೫ರಿಂದ ಮಿದುಳು ಬ್ಯಾಂಕ್ ಇದೆ. ಸತ್ತವರ ಮಿದುಳನ್ನು ಮನೆಯವರ ಒಪ್ಪಿಗೆ ಪಡೆದು ಕಾಪಿಟ್ಟು ಸಂಶೋಧನೆಗೆ ಕೊಡ್ತಾರೆ. ಅಲ್ಲಿನವರು ೨೦೦೯ರಲ್ಲಿ, ಪಾರ್ಕಿನ್‌ಸನ್ ಕಾಯಿಲೆಯಲ್ಲಿ ಸಾಯುವ ಕಪ್ಪು ಬಣ್ಣದ ನರಕೋಶಗಳನ್ನು ಬೇರೆ ಬೇರೆ ವಯಸ್ಸಿನ ಭಾರತೀಯರ ಮಿದುಳಿನಲ್ಲಿ ಎಣಿಸಿದರು. ಪಾಶ್ಚಾತ್ಯರಲ್ಲಿ ವಯಸ್ಸಾದಂತೆ ಅವು ಕಮ್ಮಿಯಾಗುತ್ತವೆ ಅಂತ ಹಿಂದೆ ಬರೆದಿದ್ದರು. ನಮ್ಮವರಲ್ಲಿ ಹಾಗೆ ಕಮ್ಮಿಯಾಗಿರಲಿಲ್ಲ. ಇದು ಸ್ಪರ್ಶದ ನರ ಅಲ್ಲ, ಕಾಲಿಗೆ ನೇರ ಸಂಬಂಧವೂ ಇಲ್ಲ. ಆದರೆ 'ವಯಸ್ಸು' ಅನ್ನೋದು ಎಲ್ಲ ಊರಲ್ಲೂ ಎಲ್ಲ ನರಕ್ಕೂ ಒಂದೇ ಥರ ಕೆಲಸ ಮಾಡುವ ಯಂತ್ರ ಅಲ್ಲ ಅನ್ನೋದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ. ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ ನಲವತ್ತೈದು ದಾಟಿದವರನ್ನು ವರ್ಷಗಟ್ಟಲೆ ಹಿಂಬಾಲಿಸಿ ಪರೀಕ್ಷಿಸುವ ದೊಡ್ಡ ಅಧ್ಯಯನ ಇಟ್ಟುಕೊಂಡಿದ್ದಾರೆ, ಗುರಿ ಹತ್ತು ಸಾವಿರ ಜನ. ನಮ್ಮ ಕಬ್ಬಿನ ಸೀಮೆಯಲ್ಲೂ ಅಂಥದ್ದೊಂದು ಆಗಲಿ, ಅದರಲ್ಲಿ ಪಾದಕ್ಕೂ ಒಂದು ಪುಟ ಇರಲಿ ಅಂತ ನನ್ನಾಸೆ.

ಅಷ್ಟರ ತನಕ ಏನು ಮಾಡೋದು? ಇಲ್ಲಿ ನಮಗೆ ದಾರಿ ತೋರಿಸುವವರು ಕುಷ್ಠರೋಗಿಗಳ ಜೊತೆ ಕೆಲಸ ಮಾಡಿದವರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿದ್ದ ಡಾ. ಪಾಲ್ ಬ್ರಾಂಡ್, ಕುಷ್ಠದವರ ಬೆರಳು ಕೊಳೆತು ಬೀಳೋದು ರೋಗದಿಂದಲೇ ಅಲ್ಲ, ನೋವು ತಿಳಿಯದೆ ದಿನದಿನವೂ ಆಗುವ ಪೆಟ್ಟಿನಿಂದ ಅಂತ ತೋರಿಸಿಕೊಟ್ಟರು. ಬಿಸಿ ಪಾತ್ರೆ, ಮೊಳೆ, ಚಪ್ಪಲಿಯೊಳಗಿನ ಕಲ್ಲು, ಇಷ್ಟೇ. ಅಲ್ಲೇ ಹತ್ತಿರದ ಕರಿಗಿರಿಯ ಆಸ್ಪತ್ರೆಯಲ್ಲಿ ಇಂಥ ಪಾದಗಳಿಗೆಂದೇ ಮೆತ್ತನೆಯ ರಬ್ಬರಿನ ಎಂ.ಸಿ.ಆರ್. ಚಪ್ಪಲಿಯ ಮೇಲೆ ಬಹಳ ಕೆಲಸ ನಡೆಯಿತು. ಇವತ್ತು ಸಕ್ಕರೆ ಕಾಯಿಲೆಯವರಿಗೂ ಅದೇ ಚಪ್ಪಲಿ ಬರೆಯುತ್ತಾರೆ. ಹೋದ ನರವನ್ನು ವಾಪಸ್ಸು ತರೋದು ಕಷ್ಟ. ಆದರೆ ನರ ಹೋಯ್ತು ಅಂತ ಕಾಲೂ ಹೋಗಬೇಕಾಗಿಲ್ಲ.

ಪರೀಕ್ಷೆಗೆ ದೊಡ್ಡ ಯಂತ್ರ ಬೇಡ. ೧೨೮ ಹರ್ಟ್ಸಿನ ಶ್ರುತಿಕವೆ ಒಂದು, ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆ ಒಂದು. ಎರಡೂ ಸೇರಿದರೂ ಒಂದು ಬಿಪಿ ಯಂತ್ರದ ಬೆಲೆ ಆಗಲಾರದು. ಅದೂ ಇಲ್ಲವೇ? ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ಆಸ್ಪತ್ರೆಯವರು ೨೦೧೧ರಲ್ಲಿ ಬರೀ ಬೆರಳಿನಿಂದ ಮಾಡುವ ಪರೀಕ್ಷೆಯನ್ನು ಪ್ರಕಟಿಸಿದರು. ಅಪ್ಪನನ್ನೋ ಅಮ್ಮನನ್ನೋ ಮಲಗಿಸಿ ಕಣ್ಣು ಮುಚ್ಚಿಸಿ. ಮುಟ್ಟಿದ್ದು ತಿಳಿದಾಗ ಬಲ ಅಂತಲೋ ಎಡ ಅಂತಲೋ ಹೇಳೋಕೆ ಹೇಳಿ. ಎರಡೂ ಪಾದದ ಹೆಬ್ಬೆರಳು, ನಡುಬೆರಳು, ಕಿರುಬೆರಳು, ಒಟ್ಟು ಆರು ತುದಿಗಳನ್ನು ನಿಮ್ಮ ತೋರುಬೆರಳಿನಿಂದ ಒಂದೆರಡು ಸೆಕೆಂಡು, ಪಕ್ಷಿಯ ಪುಕ್ಕ ತಾಗಿದಷ್ಟು ಹಗುರಾಗಿ ಮುಟ್ಟಿ. ಒತ್ತಬಾರದು, ಉಜ್ಜಬಾರದು, ತಿಳಿಯಲಿಲ್ಲ ಅಂತ ಎರಡನೇ ಸಲ ಮುಟ್ಟಬಾರದು. ಆರರಲ್ಲಿ ಎರಡು ಅಥವಾ ಹೆಚ್ಚು ತಪ್ಪಿದರೆ ಸ್ಪರ್ಶ ಕುಂದಿದೆ ಅಂತ ಲೆಕ್ಕ. ಆಗ ಡಾಕ್ಟರ ಹತ್ತಿರ ಹೋಗಿ ಸಕ್ಕರೆ, ಬಿ೧೨, ಥೈರಾಯ್ಡ್ ನೋಡಿಸಿ. ಇಷ್ಟಕ್ಕೆ ಹಿಡಿಯೋದು ಎರಡು ನಿಮಿಷ. ಅಪ್ಪನ ಪಾದ ಮುಟ್ಟೋದು ನಮಗೆ ಹೊಸದೇನಲ್ಲವಲ್ಲ, ಹಬ್ಬಕ್ಕೆ ಮುಟ್ಟೇ ಮುಟ್ತೀವಿ.

'ಪಿ.ಎಚ್.ಸಿ.ಯಲ್ಲಿ ಡಾಕ್ಟರಿಗೆ ಉಸಿರಾಡೋಕೆ ಪುರುಸೊತ್ತಿಲ್ಲ, ಇದೊಂದು ಬೇರೆ' ಅಂತ ಒಬ್ಬ ವೈದ್ಯ ಮಿತ್ರರು ನನ್ನ ಮೇಲೆ ರೇಗಿದರು. ಅವರ ಮಾತು ನಿಜ. ಆದರೆ ಇದನ್ನು ಡಾಕ್ಟರೇ ಮಾಡಬೇಕು ಅಂತ ಎಲ್ಲಿದೆ? ೨೦೨೪ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆ ಮನೆಗೆ ಹೋಗಿ ಬಿಪಿ, ಸಕ್ಕರೆ ನೋಡುವ ವ್ಯವಸ್ಥೆ ಬಂದಿದೆ. ಬಾಗಿಲಿಗೆ ಬಂದವರು ತೋಳಿಗೆ ಪಟ್ಟಿ ಸುತ್ತಿದ ಹಾಗೇ ಚಪ್ಪಲಿ ಬಿಚ್ಚಿಸಿ ಆರು ಬೆರಳು ಮುಟ್ಟಿದರೆ ಸಾಕು. ಕಾಗದದ ಪಟ್ಟಿಯಲ್ಲಿ ಏನೇ ಇದ್ದರೂ, ನಿಜವಾಗಿ ಬಗ್ಗಿ ಪಾದ ನೋಡೋಕೆ ಎರಡು ನಿಮಿಷ ಬೇಕು, ಆ ಎರಡು ನಿಮಿಷದ ದುಡಿಮೆಗೆ ಆಶಾ ಕಾರ್ಯಕರ್ತೆಯರಿಗೆ ಸರಿಯಾದ ಸಂಬಳ ಕೂಡ ಬೇಕು. ಅದನ್ನು ಬಿಟ್ಟು ಇನ್ನೊಂದು ಕೆಲಸ ಅವರ ತಲೆಗೆ ಕಟ್ಟಿ ಅಂತ ನಾನು ಹೇಳಲ್ಲ.

ಮನೆಯಲ್ಲಿ ಮಾಡಬೇಕಾದ ಒಂದು ಕೆಲಸ ಇದೆ, ಅದು ಬಚ್ಚಲುಮನೆಯದು. ಪಾದದ ಸುದ್ದಿ ಮಿದುಳಿಗೆ ಸರಿಯಾಗಿ ಬರದವರು ನೇರ ನಿಲ್ಲೋದು ಕಣ್ಣಿನ ಸಹಾಯದಿಂದ. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ ಕ್ಷಣ ಆ ಊರುಗೋಲು ತಪ್ಪುತ್ತೆ, ವಾಲುತ್ತಾರೆ. ರಾತ್ರಿ ಕರೆಂಟು ಹೋದಾಗಲೂ ಇದೇ. ನಮ್ಮ ಮುದುಕರು ಬಚ್ಚಲಲ್ಲೇ ಯಾಕೆ ಬೀಳ್ತಾರೆ ಅನ್ನೋದಕ್ಕೆ ಪಾಚಿ ಒಂದೇ ಕಾರಣ ಅಲ್ಲ. ಗೋಡೆಗೆ ಒಂದು ಹಿಡಿಕೆ, ಕೂತು ಮೀಯೋಕೆ ಒಂದು ಮಣೆಯೋ ಪ್ಲಾಸ್ಟಿಕ್ ಕುರ್ಚಿಯೋ, ರಾತ್ರಿಗೆ ಒಂದು ಸಣ್ಣ ದೀಪ. ಹಂಡೆ ನೀರಿನ ಬಿಸಿಯನ್ನು ಕಾಲಿಟ್ಟು ನೋಡಬಾರದು, ಮೊಣಕೈಯಿಂದ ನೋಡಬೇಕು. ಹವಾಯಿ ಚಪ್ಪಲಿ ಕಳಚಿ ಬಿದ್ದರೂ ತಿಳಿಯದವರಿಗೆ ಹಿಮ್ಮಡಿಯ ಹಿಂದೆ ಪಟ್ಟಿ ಇರುವ ಚಪ್ಪಲಿ. ದೊಡ್ಡಪ್ಪನಿಗೆ ಈಗ ಅಂಥದ್ದೇ ಕೊಡಿಸಿದೆ. 'ಇಸ್ಕೂಲ್ ಮಕ್ಳು ಹಾಕ್ಕಳಂಗೈತೆ' ಅಂತ ಗೊಣಗಿಕೊಂಡೇ ಹಾಕಿಕೊಂಡು ಆಲೆಮನೆಗೆ ಹೋಗ್ತಾರೆ. ಒಲೆ ಹತ್ತಿರ ಮಾತ್ರ ಬಿಡಲ್ಲ.

ಕೊನೆಗೆ ನಿಮ್ಮೆಲ್ಲರಿಂದ ಒಂದು ಸಹಾಯ ಬೇಕು. ಆಸ್ಪತ್ರೆಯಲ್ಲಿ ಕೇಳುವ ಪ್ರಶ್ನೆ 'ಸ್ಪರ್ಶಜ್ಞಾನ ಇದೆಯಾ' ಅಂತ. ದೊಡ್ಡಪ್ಪನಂಥವರಿಗೆ ಆ ಪದವೇ ಗೊತ್ತಿಲ್ಲ, ಇದೆ ಅಂತ ತಲೆ ಆಡಿಸಿ ಬರ್ತಾರೆ. ನಮ್ಮ ಕಡೆ ಇರುವ ಮಾತುಗಳು ಜೋಮು, ಮರಗಟ್ಟೋದು, ಅಂಗಾಲುರಿ, ಇರುವೆ ಹರಿದಂಗೆ, ಹತ್ತಿ ಮೇಲೆ ನಡೆದಂಗೆ. ಧಾರವಾಡ, ಕುಂದಾಪುರ, ಕಲಬುರ್ಗಿ, ಕಾಸರಗೋಡು ಕಡೆಯವರೇ, ನಿಮ್ಮ ಮನೆಯ ಹಿರಿಯರು ಇದಕ್ಕೆ ಏನಂತಾರೆ? ಕೆಳಗೆ ಬರೆದು ಹೋಗಿ. ಒಂದು ಪಟ್ಟಿ ಮಾಡಿ ರೇಗಿದ ಆ ವೈದ್ಯ ಮಿತ್ರರಿಗೇ ಕೊಡಬೇಕು ಅಂತಿದ್ದೀನಿ.